ಆಡುನುಡಿಗೂ ವ್ಯಾಕರಣವುಂಟು

ತಿಕೋಟಾ ಅಥವಾ ಬಬಲೇಶ್ವರದ ಕಡೆಯ ಹಳ್ಳಿಯಿಂದ ವಿಜಯಪುರ ನಗರದ ಶಾಲೆಗೆ ಬರುವ ಬಾಲಕನೊಬ್ಬನು ತನ್ನ ಪ್ರಬಂಧದಲ್ಲಿ ‘ಗೋಡೆ’ ಎಂಬುದನ್ನು ‘ಗ್ವಾಡಿ’ ಎಂದು ಬರೆದರೆ ಉಪಾಧ್ಯಾಯರು ಅದನ್ನು ತಿದ್ದುತ್ತಾರೆ. ತಿದ್ದುವುದು ಯುಕ್ತವೇ. ಆದರೆ ಆ ಕೆಂಪು ಗೆರೆಯನ್ನು ಕಂಡು ಬಾಲಕನು, ತನ್ನ ತಾಯಿ ಆಡುವ ಮಾತೇ ಅಶುದ್ಧವೆಂದೂ ಅದಕ್ಕೆ ವ್ಯಾಕರಣವೇ ಇಲ್ಲವೆಂದೂ ಭಾವಿಸಿದರೆ ಅದು ದೊಡ್ಡ ತಪ್ಪು ತಿಳಿವಳಿಕೆ. ಮನೆಯ ಮಾತಿನ ವಿಷಯದಲ್ಲಿ ನಾಚಿಕೊಳ್ಳಲು ಕಲಿತವನು ಕ್ರಮೇಣ ಮನೆಯವರ ವಿಷಯದಲ್ಲಿಯೂ ನಾಚಿಕೊಳ್ಳುವ ಅಪಾಯವುಂಟು.

ಆಡುನುಡಿ ನಿಯಮವಿಲ್ಲದ ಮಾತೇ? ಪರೀಕ್ಷಿಸಿ ನೋಡಬಹುದು. ವಿಜಯಪುರ ಸೀಮೆಯಲ್ಲಿ ‘ಗೋಡೆ’ಯು ‘ಗ್ವಾಡಿ’, ‘ಬೇಳೆ’ಯು ‘ಬ್ಯಾಳಿ’, ‘ಕೋಣ’ವು ‘ಕ್ವಾಣ’, ‘ಬೇಡ’ವು ‘ಬ್ಯಾಡ’ ಆಗುತ್ತವೆ. ಆದರೆ ‘ಕೋಳಿ’ಯನ್ನು ಯಾರೂ ‘ಕ್ವಾಳಿ’ ಎನ್ನುವುದಿಲ್ಲ. ‘ಬೇರು’ ಎಂಬುದು ‘ಬ್ಯಾರು’ ಆಗುವುದಿಲ್ಲ. ‘ಕೋಲು’, ‘ಕೇಳು’ ಎಂಬವೂ ಹಾಗೆಯೇ ಉಳಿಯುತ್ತವೆ. ಇದಕ್ಕೆ ಕಾರಣವೇನು? ಏಕಾರ ಓಕಾರಗಳ ಮುಂದಿನ ಅಕ್ಷರದಲ್ಲಿ ಅಕಾರವೋ ಎಕಾರವೋ ಇದ್ದರೆ ಅವು ‘ಯಾ’, ‘ವಾ’ ಎಂದು ತೆರೆದುಕೊಳ್ಳುತ್ತವೆ. ಇಕಾರವೋ ಉಕಾರವೋ ಇದ್ದರೆ ಬದಲಾಗುವುದಿಲ್ಲ. ಅಕ್ಷರ ಬಾರದ ಅಜ್ಜಿಯೂ ಈ ನಿಯಮವನ್ನು ತಪ್ಪದೆ ಪಾಲಿಸುತ್ತಾಳೆ.

ಇಲ್ಲಿ ಒಂದು ಸಂದೇಹ ಏಳಬಹುದು. ‘ಗ್ವಾಡಿ’, ‘ಬ್ಯಾಳಿ’ ಎಂಬ ಮಾತುಗಳ ಕೊನೆಯಲ್ಲಿ ಇಕಾರವೇ ಇದೆಯಲ್ಲ? ಇದಕ್ಕೆ ಗ್ರಾಂಥಿಕ ರೂಪವು ಉತ್ತರ ಕೊಡುತ್ತದೆ. ಆ ಶಬ್ದಗಳ ಕೊನೆಯಲ್ಲಿ ಮೂಲತಃ ಎಕಾರವಿತ್ತು. ಮನೆ ‘ಮನಿ’ಯಾದಂತೆ, ತಲೆ ‘ತಲಿ’ಯಾದಂತೆ ಅದು ಬಳಿಕ ಇಕಾರವಾಯಿತು. ‘ಕೋಳಿ’ಯ ಇಕಾರವಾದರೋ ಮೊದಲಿನಿಂದಲೂ ಇದ್ದುದು. ಹೀಗೆ ಗ್ರಂಥಭಾಷೆಯು ಆಡುನುಡಿಯನ್ನು ವಿವರಿಸುತ್ತದೆ. ಆಡುನುಡಿಯೂ ಗ್ರಂಥಭಾಷೆಗೆ ನೆರವಾಗುತ್ತದೆ. ‘ಗ್ವಾಡಿ’ಯಲ್ಲಿ ‘ವಾ’ ಕೇಳಿಬಂದುದರಿಂದ ಬರವಣಿಗೆಯಲ್ಲಿ ಅದು ‘ಗೋಡೆ’ ಎಂದೂ, ‘ಕೋಳಿ’ಯಲ್ಲಿ ಅದು ಕೇಳಿಬಾರದುದರಿಂದ ‘ಕೋಳಿ’ ಎಂದೇ ಬರೆಯಬೇಕೆಂದೂ ವಿದ್ಯಾರ್ಥಿಯು ತಾನೇ ತರ್ಕಿಸಬಲ್ಲನು.

ಕ್ರಿಯಾಪದಗಳಲ್ಲಿಯೂ ಇಂಥ ವ್ಯವಸ್ಥೆಯುಂಟು. ‘ಬರುತ್ತಿದ್ದಾನೆ’ ಎನ್ನುವಲ್ಲಿ ಈ ಸೀಮೆಯವರು ‘ಬರಾಕತ್ತಾನ’ ಎನ್ನುತ್ತಾರೆ. ಇದರಲ್ಲಿ ಅಡಗಿರುವುದು ‘ತೊಡಗು’ ಎಂಬ ಅರ್ಥದ ‘ಹತ್ತು’ ಧಾತು. ‘ಹೇಳಹತ್ತಿದನು’ ಎಂದು ಗ್ರಂಥಗಳಲ್ಲಿ ಓದುವಾಗ ಕಾಣುವುದೂ ಅದೇ ಧಾತುವಲ್ಲವೆ?

ಕನ್ನಡದ ಈ ವೈವಿಧ್ಯವನ್ನು ಹಿಂದಿನವರು ಅರಿಯದಿರಲಿಲ್ಲ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು, ದೇಸಿ ನುಡಿಗಳು ಬೇರೆ ಬೇರೆಯಾಗಿರುವುದರಿಂದ ಅವುಗಳ ದೋಷಗಳನ್ನು ಎಣಿಸಲು ಹೊರಟರೆ ವಾಸುಕಿಯೂ ಬೇಸರಗೊಳ್ಳುವನೆಂದು ಹೇಳಿದೆ. ಆ ಗ್ರಂಥವು ಕನ್ನಡದ ತಿರುಳೆಂದು ಎಣಿಸಿದ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳು ಇಂದಿನ ಉತ್ತರ ಕರ್ನಾಟಕದಲ್ಲಿಯೇ ಇವೆ. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಹಳ್ಳಿಯ ಹೆಂಗಳೆಯರ ಹಾಡುಗಳನ್ನು ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದಾಗ, ಈ ನುಡಿಯ ಸೊಬಗು ನಾಡಿಗೆಲ್ಲ ತಿಳಿಯಿತು. 1971ರಲ್ಲಿ ಡಿ. ಎನ್. ಶಂಕರ ಭಟ್ಟರು ಹವ್ಯಕ ಕನ್ನಡದ ವ್ಯಾಕರಣವನ್ನು ನಿರೂಪಿಸಿ, ಉಪಭಾಷೆಯೂ ಶಾಸ್ತ್ರೀಯ ಅಧ್ಯಯನಕ್ಕೆ ಅರ್ಹವೆಂಬುದನ್ನು ತೋರಿಸಿದರು.

ಫ್ರಾನ್ಸ್ ದೇಶದ ಇತಿಹಾಸವೂ ಇಲ್ಲಿ ಬೋಧಪ್ರದವಾಗಿದೆ. ಅಲ್ಲಿನ ಪ್ರಾಂತೀಯ ನುಡಿಗಳನ್ನು ಅಳಿಸಿಹಾಕಬೇಕೆಂಬ ವರದಿಯನ್ನು 1794ರಲ್ಲಿ ಗ್ರೆಗ್ವಾರ್ ಎಂಬ ಧರ್ಮಗುರುವು ರಾಷ್ಟ್ರಸಭೆಯ ಮುಂದಿಟ್ಟನು. ಒಂದು ಶತಮಾನದ ತರುವಾಯ ಝಿಲಿಯೆರೋನ್ ಎಂಬ ವಿದ್ವಾಂಸನ ಪರವಾಗಿ ಎದ್ಮೋನ್ ಎಂಬವನು 600ಕ್ಕೂ ಹೆಚ್ಚು ಊರುಗಳನ್ನು ಸುತ್ತಿ ಅವೇ ನುಡಿಗಳನ್ನು ಬರೆದುಕೊಂಡನು. ಆ ಭಾಷಾ ನಕಾಶೆಗಳು 1902ರಿಂದ 1910ರವರೆಗೆ ಪ್ರಕಟವಾದವು. ಹಸು ಎಂಬರ್ಥದ ಲ್ಯಾಟಿನ್ ಶಬ್ದದ ನಡುವಿನ ಕಕಾರವು ಪ್ಯಾರಿಸ್ಸಿನ ‘ವಾಶ್’ ಎಂಬ ಮಾತಿನಲ್ಲಿ ಮಾಯವಾಗಿದೆ. ಉತ್ತರದ ಪಿಕಾರ್ ನುಡಿಯ ‘ವಾಕ್’ ಎಂಬ ಮಾತಿನಲ್ಲಿ ಇನ್ನೂ ಉಳಿದಿದೆ. ಒರಟೆಂದು ಹಳಿಯಲ್ಪಟ್ಟ ನುಡಿಯೇ ಹಳೆಯ ಧ್ವನಿಯನ್ನು ಕಾಪಾಡಿತ್ತು!

ಆಡುನುಡಿಗೆ ಮನ್ನಣೆ ಕೊಟ್ಟರೆ ಗ್ರಾಂಥಿಕ ಭಾಷೆ ಕೆಡುವುದೆಂದು ಕೆಲವರು ಅಂಜುತ್ತಾರೆ. ವಿಜಯಪುರದವನ ಬರೆಹವನ್ನು ಚಾಮರಾಜನಗರದವನು ಓದಿ ತಿಳಿಯಬೇಕಾದರೆ ಸಮಾನವಾದ ಬರವಣಿಗೆಯೊಂದು ಬೇಕೇ ಬೇಕು; ಇದರಲ್ಲಿ ವಿವಾದವಿಲ್ಲ. ಆದರೆ ಒಂದನ್ನು ಕಲಿಯಲು ಇನ್ನೊಂದನ್ನು ಹಳಿಯಬೇಕಾಗಿಲ್ಲ. ತಿದ್ದುವಾಗ ‘ಇದು ತಪ್ಪು’ ಎನ್ನುವುದಕ್ಕಿಂತ ‘ಇದು ಮನೆಯ ರೂಪ, ಇದು ಬರವಣಿಗೆಯ ರೂಪ, ಇವೆರಡರ ಸಂಬಂಧ ಹೀಗೆ’ ಎಂದು ಹೇಳುವುದು ಹೆಚ್ಚು ಸತ್ಯವಾದುದು, ಹೆಚ್ಚು ಉಪಯುಕ್ತವಾದುದು.

ಈ ಅಧ್ಯಯನಕ್ಕೆ ದೂರದ ಗ್ರಂಥಾಲಯಕ್ಕೆ ಹೋಗಬೇಕಾಗಿಲ್ಲ. ಸಂಜೆ ಮನೆಯ ಕಟ್ಟೆಯ ಮೇಲೆ ಹಿರಿಯರು ಆಡುವ ಹತ್ತು ಮಾತುಗಳನ್ನು ಬರೆದುಕೊಂಡು ಗ್ರಾಂಥಿಕ ರೂಪಗಳೊಡನೆ ಹೋಲಿಸಿದರೆ ಸಾಕು. ನಿಯಮಗಳು ತಾವಾಗಿಯೇ ಗೋಚರಿಸುತ್ತವೆ. ಆಗ ಗ್ರಂಥಭಾಷೆಯೂ ಸುಲಭವಾಗುತ್ತದೆ. ತಾಯಿಯ ಮಾತಿನ ಮೇಲಿನ ಗೌರವವೂ ಹೆಚ್ಚುತ್ತದೆ.