ಗಾಲಿ ಎತ್ತುವ ಹುಡುಗರಿಗೆ ಇಳಿಯಲು ಜಾಗ ಎಲ್ಲಿದೆ?

ಕಳೆದ ಬೇಸಿಗೆಯಲ್ಲಿ ಲಕ್ಷ್ಮೇಶ್ವರದ ಚಿಗವ್ವನ ಮನೆಗೆ ಹೋಗಿದ್ದೆ. ಅವಳ ಮಗ ಬಲಗಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಕಾಟಿನ ಮೇಲೆ ಕೂತಿದ್ದ. ವಯಸ್ಸು 19, ಐಟಿಐ ಓದ್ತಾನೆ. ಊರ ಹೊರಗಿನ ರಸ್ತೆಯಲ್ಲಿ ವ್ಹೀಲಿಂಗ್ ಮಾಡೋಕೆ ಹೋಗಿ ಬಿದ್ದಿದ್ದ. ಬೈಕು ಕೂಡ ಅವನದಲ್ಲ, ಗೆಳೆಯನದು.

"ಹೆಂಗ್ ಬಿದ್ದಿಯೋ?" ಅಂದೆ.

"ಎತ್ತೂದು ಬಂದಿತ್ತಣ್ಣಾ, ಇಳಿಸೂದ ತಪ್ಪಿತು" ಅಂದ.

ಆಮೇಲೆ ಮೊಬೈಲ್ ತೆಗೆದು ಒಂದು ವಿಡಿಯೊ ತೋರಿಸಿದ. ಬೆಂಗಳೂರಿನ ಸೂಪರ್‌ಕ್ರಾಸ್ ರೇಸು. ಮಣ್ಣಿನ ದಿಬ್ಬದಿಂದ ಬೈಕುಗಳು ಗಾಳಿಗೆ ಹಾರ್ತಿವೆ, ಸುತ್ತ ಜನ ಕೂಗ್ತಿದ್ದಾರೆ. "ಇವ್ರು ಮಾಡಿದ್ರ ಚಪ್ಪಾಳಿ, ನಾವ್ ಮಾಡಿದ್ರ ಕೇಸ್. ಇದ್ಯಾವ ನ್ಯಾಯ ಅಣ್ಣಾ?"

ಒಳಗಿಂದ ಚಿಗವ್ವ, "ನ್ಯಾಯ ಕೇಳಾಕ ನಿಂತಾನ, ಮೊದಲ ನೆಟ್ಟಗ ನಿಂದ್ರಾಕ ಕಲಿ ಅನ್ನು" ಅಂದಳು. ಎಲ್ಲರೂ ನಕ್ಕೆವು. ಆದರೆ ಅವನ ಪ್ರಶ್ನೆ ನನ್ನ ತಲೆಯಿಂದ ಹೋಗಲಿಲ್ಲ. ರಸ್ತೆ ಮೇಲೆ ಅವನು ಮಾಡಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಎದುರಿಗೆ ಬರುತ್ತಿದ್ದ ಯಾರೋ ಸೈಕಲ್ ಮುದುಕ ಸತ್ತಿದ್ದರೆ ನಾನು ಈ ಲೇಖನವನ್ನು ಬೇರೆ ಥರ ಬರೀಬೇಕಾಗ್ತಿತ್ತು. ಆದರೂ ಅವನ ಪ್ರಶ್ನೆಯಲ್ಲಿ ಅರ್ಧ ಸತ್ಯ ಇದೆ. ಆ ಅರ್ಧದ ಬಗ್ಗೆ ಈ ಬರಹ.

ಬರುವ ಆಟ, ಹೋಗುವ ಆಟ

ಅವನು ತೋರಿಸಿದ್ದು ಇಂಡಿಯನ್ ಸೂಪರ್‌ಕ್ರಾಸ್ ರೇಸಿಂಗ್ ಲೀಗ್. ಮೊದಲ ಸೀಸನ್ 2024ರ ಜನವರಿಯಲ್ಲಿ ಪುಣೆಯಲ್ಲಿ ಶುರುವಾಗಿ, ಅಹಮದಾಬಾದ್ ಸುತ್ತಿ, ಫೆಬ್ರವರಿ 25ರಂದು ಬೆಂಗಳೂರಿನಲ್ಲಿ ಮುಗಿಯಿತು. ಎರಡನೇ ಸೀಸನ್ 2025ರಲ್ಲಿ ಪುಣೆ, ಹೈದರಾಬಾದ್, ಕೋಯಿಕ್ಕೋಡ್ ಕಡೆ ಹೋಯಿತು. ಕರ್ನಾಟಕ ಪಟ್ಟಿಯಲ್ಲಿರಲಿಲ್ಲ. ಸಂಚಾರಿ ಪಂದ್ಯಗಳ ಸ್ವಭಾವವೇ ಹೀಗೆ. ಲಾರಿಗಟ್ಟಲೆ ಮಣ್ಣು ತಂದು ಸುರಿದು ಟ್ರ್ಯಾಕ್ ಕಟ್ಟುತ್ತಾರೆ, ಆಟ ಮುಗಿದ ಮೇಲೆ ಬಿಚ್ಚುತ್ತಾರೆ, ಮುಂದಿನ ಊರಿಗೆ ಹೋಗುತ್ತಾರೆ. ಹೋದ ಮೇಲೆ ಊರಿನಲ್ಲಿ ಉಳಿಯೋದು ರೀಲ್ಸ್ ಮಾತ್ರ.

ನಮ್ಮ ಭಾಗಕ್ಕೆ ಇದು ಹೊಸದೇನಲ್ಲ. ಗದಗದ ತೋಂಟದಾರ್ಯ ಮಠದ ಜಾತ್ರೆ, ಶಿರಹಟ್ಟಿಯ ಫಕೀರೇಶ್ವರ ಜಾತ್ರೆ, ಮುಂಡರಗಿಯ ಅನ್ನದಾನೀಶ್ವರ ಜಾತ್ರೆ ಅಂತ ತಿರುಗಿದವರಿಗೆ ಸಾವಿನ ಬಾವಿ ನೆನಪಿರುತ್ತೆ. ಹಲಗೆ ಜೋಡಿಸಿದ ದುಂಡನೆ ಗೋಡೆ, ಅದರ ಮೇಲೆ ಕೈಬಿಟ್ಟು ಸುತ್ತುವ ಬೈಕು, ಮೇಲಿಂದ ಬಗ್ಗಿ ನೋಟು ಚಾಚುವ ನಾವು. ಅದಕ್ಕೂ ಮೊದಲು ಹಳ್ಳಿ ಹಳ್ಳಿಗೆ ಸೈಕಲ್ ಸರ್ಕಸ್‌ನವರು ಬರ್ತಿದ್ದರು. ಮೂರ್ನಾಲ್ಕು ದಿನ ಸೈಕಲ್ಲಿನಿಂದ ಕಾಲು ಕೆಳಗಿಡದೆ ಅದರ ಮೇಲೇ ಉಂಡು, ಸ್ನಾನ ಮಾಡಿ, ಹ್ಯಾಂಡಲ್ ಮೇಲೆ ಕೂತು ತಿರುಗುತ್ತಿದ್ದ ಮನುಷ್ಯನನ್ನು ಇವತ್ತಿನ ಭಾಷೆಯಲ್ಲಿ ಬಿಎಂಎಕ್ಸ್ ಫ್ರೀಸ್ಟೈಲ್ ಆಟಗಾರ ಅನ್ನಬಹುದಿತ್ತು. ಅವನಿಗೆ ಪದಕ ಇರಲಿಲ್ಲ, ಜನ ಹಾಕಿದ ಅಕ್ಕಿ-ಜೋಳ ಇತ್ತು.

ಅಂದರೆ ಇಂಥ ಸಾಹಸ ನೋಡೋ ಹುಚ್ಚು ನಮ್ಮಲ್ಲಿ ಯಾವಾಗಲೂ ಇತ್ತು. ಅದನ್ನು ಕಲಿಯೋ ಜಾಗ ಯಾವಾಗಲೂ ಇರಲಿಲ್ಲ.

ಇಳಿಜಾರಿನ ಲೆಕ್ಕ

ನಾನು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಕೆಲಸಕ್ಕೆ ಬಂದದ್ದು ಕಡಿಮೆ, ಆದರೆ ಇಲ್ಲಿ ಒಂದು ಲೆಕ್ಕ ಹೇಳಲೇಬೇಕು. ಮೂರು ಮೀಟರ್ ಎತ್ತರದಿಂದ ಬಿದ್ದ ಯಾವುದೇ ವಸ್ತು ನೆಲ ಮುಟ್ಟುವಾಗ ಗಂಟೆಗೆ ಸುಮಾರು 28 ಕಿ.ಮೀ. ವೇಗದಲ್ಲಿರುತ್ತೆ. ಸಪಾಟು ಡಾಂಬರಿನ ಮೇಲೆ ಇಳಿದರೆ ಕೆಳಮುಖದ ಆ ವೇಗ ಪೂರ್ತಿ ಒಂದೇ ಏಟಿಗೆ ನಿಲ್ಲಬೇಕು. ಬೈಕಿನ ಶಾಕ್ ಅಬ್ಸಾರ್ಬರ್ ತಡೆದಷ್ಟು ತಡೆಯುತ್ತೆ, ಉಳಿದದ್ದು ಮೊಣಕಾಲು, ಸೊಂಟ, ಬೆನ್ನುಮೂಳೆಗೆ.

ಅದೇ ಬೈಕು, ಹಾರಿ ಬರುವ ಹಾದಿಗೆ ಹೊಂದುವ ಇಳಿಜಾರಿನ ಮೇಲೆ ಇಳಿದರೆ? ವೇಗ ನಿಲ್ಲಬೇಕಾಗಿಲ್ಲ, ಇಳಿಜಾರಿನುದ್ದಕ್ಕೂ ಓಟವಾಗಿ ಮುಂದುವರಿಯುತ್ತೆ. ಮೈಗೆ ಬೀಳುವ ಪೆಟ್ಟು ಎಷ್ಟೋ ಪಾಲು ಕಡಿಮೆ. ಸ್ಕೇಟ್‌ಬೋರ್ಡ್, ಬಿಎಂಎಕ್ಸ್, ಮೋಟೊಕ್ರಾಸ್ ಮೂರಕ್ಕೂ ಇದೇ ಸೂತ್ರ. 2006ರ ಎಕ್ಸ್ ಗೇಮ್ಸ್‌ನಲ್ಲಿ ಟ್ರಾವಿಸ್ ಪಾಸ್ಟ್ರಾನಾ ಮೋಟರ್‌ಬೈಕನ್ನು ಗಾಳಿಯಲ್ಲಿ ಎರಡು ಪಲ್ಟಿ ಹೊಡೆಸಿದಾಗ ಜಗತ್ತು ನೋಡಿದ್ದು ಆ ಜಿಗಿತ. ಅದರ ಹಿಂದೆ ಇದ್ದದ್ದು ಸ್ಪಂಜಿನ ತುಂಡು ತುಂಬಿದ ಗುಂಡಿಯೊಳಗೆ ಬಿದ್ದು ಬಿದ್ದು ಮಾಡಿದ ಅಭ್ಯಾಸ, ಆಮೇಲೆ ಅಳತೆ ಮಾಡಿ ಕಟ್ಟಿದ ಇಳಿಜಾರು.

ಹೀಗಾಗಿ ಈ ಆಟಗಳ ಎಂಜಿನಿಯರಿಂಗ್ ಇರೋದು ಹಾರೋದರಲ್ಲಲ್ಲ, ಇಳಿಯೋದರಲ್ಲಿ. ಗಾಲಿ ಎತ್ತೋಕೆ ಯಾವ ರಸ್ತೆಯಾದರೂ ಸಾಕು. ಇಳಿಯೋಕೆ ಯಾರಾದರೂ ಮೊದಲೇ ಕೂತು ಲೆಕ್ಕ ಹಾಕಿರಬೇಕು. ನನ್ನ ತಮ್ಮ ಹೇಳಿದ್ದೂ ಅದೇ ಅಲ್ವಾ: ಎತ್ತೋದು ಬಂದಿತ್ತು, ಇಳಿಸೋದು ತಪ್ಪಿತು. ಸಂಚಾರಿ ಪಂದ್ಯಗಳು ತಮ್ಮ ಇಳಿಜಾರನ್ನು ತಾವೇ ತರುತ್ತವೆ, ಹೋಗುವಾಗ ತೆಗೆದುಕೊಂಡೇ ಹೋಗುತ್ತವೆ. ನೋಡಿದ ಹುಡುಗನಿಗೆ ಉಳಿಯೋದು ಆಸೆ ಮತ್ತು ಡಾಂಬರು ರಸ್ತೆ.

ಕಾನೂನಿನ ಒಂದು ಕೈ ಮಾತ್ರ

2025ರ ಮೇನಲ್ಲಿ, ನಮ್ಮ ಪಕ್ಕದ ಕೊಪ್ಪಳ ಜಿಲ್ಲೆಯ ಗಂಗಾವತಿಯ ವ್ಹೀಲಿಂಗ್ ಪ್ರಕರಣವೊಂದರಲ್ಲಿ ಹೈಕೋರ್ಟ್ ಜಾಮೀನು ನಿರಾಕರಿಸಿತು. ಈ ಪಿಡುಗು ನಗರ ದಾಟಿ ಹಳ್ಳಿ ಕಡೆಗೂ ಹಬ್ಬಿದೆ, ಈಗಿರುವ ಕಾನೂನು ಸಾಲದು, ಸರ್ಕಾರ ಕಠಿಣ ನಿಯಮ ತರಬೇಕು ಅಂತ ನ್ಯಾಯಾಲಯ ಹೇಳಿತು. ಅದರ ಆತಂಕ ಅರ್ಥವಾಗುವಂಥದ್ದೇ. ಈಗಲೂ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಅಪಾಯಕಾರಿ ಚಾಲನೆಗೆ ಶಿಕ್ಷೆ ಕೊಡುತ್ತೆ. 199ಎ ಪ್ರಕಾರ ಅಪ್ರಾಪ್ತ ವಯಸ್ಸಿನ ಮಗ ಗಾಡಿ ಓಡಿಸಿ ಅಪರಾಧ ಮಾಡಿದರೆ ಪೋಷಕರಿಗೆ ಅಥವಾ ಗಾಡಿ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು.

ಆದರೆ 189ನೇ ಸೆಕ್ಷನ್ ಒಮ್ಮೆ ಓದಿ. ಸಾರ್ವಜನಿಕ ಜಾಗದಲ್ಲಿ ರೇಸ್ ಮಾಡೋದು ಅಪರಾಧ, ಆದರೆ ಯಾವಾಗ? "ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆ" ಇಲ್ಲದಿದ್ದಾಗ. ಕಾನೂನು ಬರೆದವರೇ ಒಂದು ಬಾಗಿಲು ಇಟ್ಟಿದ್ದಾರೆ. ಆ ಬಾಗಿಲು ದೊಡ್ಡ ಪ್ರಾಯೋಜಕರಿರುವ ಮಹಾನಗರದ ಲೀಗಿಗೆ ತೆರೆಯುತ್ತೆ. ಲಕ್ಷ್ಮೇಶ್ವರದ ಐಟಿಐ ಹುಡುಗನಿಗೆ ಆ ಬಾಗಿಲು ಇದೆ ಅನ್ನೋದೂ ಗೊತ್ತಿಲ್ಲ. ಅವನಿಗೆ ಸರ್ಕಾರದ ಒಂದೇ ಕೈ ಕಾಣೋದು, ಲಾಠಿ ಹಿಡಿದ ಕೈ.

ಗದಗ ಇದನ್ನು ಮಾಡಿ ತೋರಿಸಿದೆ

"ಇದೆಲ್ಲ ಅಮೆರಿಕದ ಆಟ, ಗದಗಕ್ಕೆ ಯಾಕೆ?" ಅನ್ನೋರಿಗೆ ನನ್ನ ಉತ್ತರ ಗದಗದಲ್ಲೇ ಇದೆ. ವಿಜಯಪುರ, ಬಾಗಲಕೋಟೆ, ಗದಗ ಈ ಮೂರು ಜಿಲ್ಲೆಗಳು ದೇಶದ ಸೈಕ್ಲಿಂಗ್‌ಗೆ ಕೊಟ್ಟ ಮಕ್ಕಳನ್ನು ಲೆಕ್ಕ ಹಾಕಿ. ಹೊಲಮನಿ ಕೆಲಸ ಮಾಡುವವರ ಮಕ್ಕಳು ಅವರು. ಅವರನ್ನು ಬೆಳೆಸಿದ್ದು ಒಂದು ದಿನದ ಪ್ರದರ್ಶನ ಅಲ್ಲ. ಕ್ರೀಡಾ ಇಲಾಖೆಯ ವಸತಿ ನಿಲಯ, ದಿನಾ ಬೆಳಗ್ಗೆ ಎಬ್ಬಿಸೋ ಕೋಚ್, ಊಟ, ಸೈಕಲ್. 2022ರ ಫೆಬ್ರವರಿಯಲ್ಲಿ 18ನೇ ರಾಷ್ಟ್ರೀಯ ಮೌಂಟನ್ ಬೈಕ್ ಚಾಂಪಿಯನ್‌ಷಿಪ್ ಗದಗದಲ್ಲೇ ನಡೆಯಿತು. ದೇಶದ ಸ್ಪರ್ಧಿಗಳು ನಮ್ಮ ಕಲ್ಲು-ಕೊರಕಲಿನ ಗುಡ್ಡಕ್ಕೆ ಬಂದರು. ಬಿಎಂಎಕ್ಸ್ ಕೂಡ ಅದೇ ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ಆಟ. ಬಿಎಂಎಕ್ಸ್ ರೇಸಿಂಗ್ 2008ರ ಬೀಜಿಂಗ್‌ನಲ್ಲೇ ಒಲಿಂಪಿಕ್ಸ್‌ಗೆ ಬಂತು. ಬಿಎಂಎಕ್ಸ್ ಫ್ರೀಸ್ಟೈಲ್ ಮತ್ತು ಸ್ಕೇಟ್‌ಬೋರ್ಡಿಂಗ್ 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ. ಸೈಕ್ಲಿಂಗ್ ಗೊತ್ತಿರೋ ಜಿಲ್ಲೆಗೆ ಇದು ಪಕ್ಕದ ಮನೆ.

ಸ್ಕೇಟ್‌ಬೋರ್ಡಿಗೂ ದೂರ ಹೋಗಬೇಕಿಲ್ಲ. ಬೆಂಗಳೂರಿನ ಹೋಲಿಸ್ಟೋಕ್ಡ್ ಹುಡುಗರು 2013ರಲ್ಲಿ ಸ್ಕೇಟ್‌ಪಾರ್ಕ್ ಕಟ್ಟಿ ನಿಲ್ಲಿಸಿದರು. ಬೆಂಗಳೂರಿನವರೇ ಆದ ಅತಿತಾ ವರ್ಗೀಸ್ 2015ರಲ್ಲಿ ಹೆಣ್ಣುಮಕ್ಕಳಿಗಾಗಿ ಗರ್ಲ್ ಸ್ಕೇಟ್ ಇಂಡಿಯಾ ಶುರು ಮಾಡಿದರು. ಅದೇ ವರ್ಷ ಮಧ್ಯಪ್ರದೇಶದ ಪನ್ನಾ ಜಿಲ್ಲೆಯ ಜನವಾರ್ ಅನ್ನೋ ಹಳ್ಳಿಯಲ್ಲಿ ಜರ್ಮನಿಯ ಉಲ್ರಿಕೆ ರೈನ್‌ಹಾರ್ಡ್ ಒಂದು ಕಾಂಕ್ರೀಟ್ ಪಾರ್ಕ್ ಕಟ್ಟಿಸಿದರು. ನಿಯಮ ಎರಡೇ: ಶಾಲೆಗೆ ಹೋಗದಿದ್ದರೆ ಸ್ಕೇಟಿಂಗ್ ಇಲ್ಲ, ಹೆಣ್ಣುಮಕ್ಕಳಿಗೆ ಮೊದಲ ಸರದಿ. ಆ ಹಳ್ಳಿಯ ಆದಿವಾಸಿ ಹುಡುಗಿ ಆಶಾ ಗೊಂಡ್ 2018ರಲ್ಲಿ ಚೀನಾದ ನಾನ್‌ಜಿಂಗ್‌ನ ವಿಶ್ವ ಚಾಂಪಿಯನ್‌ಷಿಪ್‌ಗೆ ಹೋಗಿ ಬಂದಳು.

ಇನ್ನು ಅಮೆರಿಕದ ಕತೆಯೂ ನಾವು ಅಂದುಕೊಂಡಂತಿಲ್ಲ. ಅಲ್ಲಿ 2005ರಲ್ಲಿ ಶುರುವಾದ ಡ್ಯೂ ಟೂರ್ ಸ್ಕೇಟ್‌ಬೋರ್ಡ್, ಬಿಎಂಎಕ್ಸ್, ಫ್ರೀಸ್ಟೈಲ್ ಮೋಟೊಕ್ರಾಸ್ ಮೂರನ್ನೂ ಹೊತ್ತು ಐದು ನಗರ ಸುತ್ತುತ್ತಿದ್ದ ಪಂದ್ಯ. ಬರಬರುತ್ತಾ ಅದು ಕುಗ್ಗಿತು, ಮೋಟೊಕ್ರಾಸ್ ಕೈಬಿಟ್ಟಿತು. 2021ರಲ್ಲಿ ಅದು ಒಲಿಂಪಿಕ್ ಅರ್ಹತಾ ಪಂದ್ಯ ನಡೆಸೋಕೆ ಹೋಗಿದ್ದು ಲಾಸ್ ಏಂಜಲೀಸ್‌ಗಲ್ಲ. ಗೋವಿನಜೋಳ ಬೆಳೆಯುವ ಐಯೊವಾ ರಾಜ್ಯದ ಡೆ ಮೊಯ್ನ್ ಅನ್ನೋ ಊರಿಗೆ. ಆ ಊರಿನ ಜನಸಂಖ್ಯೆ ಎರಡು ಲಕ್ಷ ಚಿಲ್ಲರೆ. 2011ರ ಗಣತಿಯಲ್ಲಿ ಗದಗ-ಬೆಟಗೇರಿಯದು 1.72 ಲಕ್ಷ. ಅಲ್ಲಿಗೆ ಯಾಕೆ ಹೋಯಿತು? ಆ ಊರು ಎಲ್ಲರಿಗೂ ಉಚಿತವಾಗಿ ತೆರೆದಿರುವ, ಸುಮಾರು ಎರಡು ಎಕರೆಯ ಕಾಯಂ ಸ್ಕೇಟ್‌ಪಾರ್ಕ್ ಕಟ್ಟಿತ್ತು. ಮೊದಲು ಜಾಗ, ಆಮೇಲೆ ಪಂದ್ಯ. ನಾವು ಯಾವಾಗಲೂ ಇದನ್ನು ಉಲ್ಟಾ ಮಾಡ್ತೀವಿ.

ಏನು ಕೇಳಬೇಕು?

ಹಾಗಂತ ಗದಗದಲ್ಲಿ ನಾಳೆಯೇ ಬೈಕ್ ಹಾರಿಸೋ ಅಖಾಡ ಮಾಡಿ ಅಂತ ನಾನು ಕೇಳ್ತಿಲ್ಲ. ಫ್ರೀಸ್ಟೈಲ್ ಮೋಟೊಕ್ರಾಸ್ ದುಬಾರಿ ಆಟ, ಪೆಟ್ಟು ಬಿದ್ದರೆ ಜೀವಕ್ಕೇ ಬರುವ ಆಟ. ಡಕಾರ್ ರ್‍ಯಾಲಿ ಮುಗಿಸಿದ ಮೊದಲ ಭಾರತೀಯ, ಬೆಂಗಳೂರಿನ ಸಿ.ಎಸ್. ಸಂತೋಷ್ ಅವರಂಥ ಅನುಭವಿಯೇ 2021ರ ಡಕಾರ್‌ನಲ್ಲಿ ತಲೆಗೆ ಪೆಟ್ಟು ಮಾಡಿಕೊಂಡು ಆಸ್ಪತ್ರೆ ಸೇರಿದ್ದರು. ಇನ್ನು ಕಪ್ಪತಗುಡ್ಡದ ಕಡೆ ಬೈಕ್ ತಿರುಗಿಸೋ ಯೋಚನೆ ಯಾರೂ ಮಾಡಬಾರದು. ಗಣಿಯವರಿಂದ ಕಷ್ಟಪಟ್ಟು ಉಳಿಸಿಕೊಂಡ ಗುಡ್ಡ ಅದು, 2019ರಿಂದ ವನ್ಯಜೀವಿಧಾಮ.

ಮೊದಲ ಹೆಜ್ಜೆ ಸಣ್ಣದು: ಪಂಪ್ ಟ್ರ್ಯಾಕ್. ಏರು-ಇಳಿ, ಏರು-ಇಳಿ ಇರುವ ಒಂದು ಸುತ್ತು. ಪೆಡಲ್ ತುಳಿಯದೆ ಮೈಯ ತೂಕ ಆಡಿಸಿಯೇ ವೇಗ ಪಡೆಯಬೇಕು. ಬಿಎಂಎಕ್ಸ್, ಸ್ಕೇಟ್‌ಬೋರ್ಡ್, ಸಣ್ಣ ಮಕ್ಕಳ ಸೈಕಲ್ ಎಲ್ಲಕ್ಕೂ ಆಗುತ್ತೆ. ಬೈಕಿಗೆ ಪ್ರವೇಶವಿಲ್ಲ. ಒಂದು ಎಚ್ಚರಿಕೆ: ನಮ್ಮದು ಎರೆ ಭೂಮಿ. ಬೇಸಿಗೆಯಲ್ಲಿ ಬಿರಿಯುತ್ತೆ, ಮಳೆಗಾಲದಲ್ಲಿ ಉಬ್ಬುತ್ತೆ. ಮೇಲೆ ಸುಮ್ಮನೆ ಕಾಂಕ್ರೀಟ್ ಸುರಿದರೆ ಬಿರುಕು ಗ್ಯಾರಂಟಿ. ಎರೆ ತೆಗೆದು, ಗರಸು ತುಂಬಿ ಕುಟ್ಟಿ, ನೀರು ಹರಿಯೋಕೆ ದಾರಿ ಮಾಡಿ ಆಮೇಲೆ ಕಟ್ಟಬೇಕು. ಇಷ್ಟನ್ನು ಟೆಂಡರಿನಲ್ಲಿ ಬರೆಯದಿದ್ದರೆ ಬಿಲ್ ಪಾಸಾಗುತ್ತೆ, ಟ್ರ್ಯಾಕ್ ಉಳಿಯಲ್ಲ.

ನೀರು ವಾರಗಟ್ಟಲೆ ಬಾರದ ಊರಿಗೆ ಇದು ಶೋಕಿ ಅಲ್ವಾ ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಅದೇ ಊರಿನಲ್ಲಿ ವಕಾರ ಸಾಲಿನ ತೆರವಾದ ಜಾಗದಲ್ಲಿ ಏನು ಮಾಡಬೇಕು ಅನ್ನೋ ಚರ್ಚೆ ವರ್ಷಗಳಿಂದ ನಡೆದಿದೆ. 2024ರ ಕೊನೆಗೆ ಗದಗ-ಬೆಟಗೇರಿ ವ್ಯಾಪಾರ, ಸಂಸ್ಕೃತಿ ಮತ್ತು ವಸ್ತುಪ್ರದರ್ಶನ ಪ್ರಾಧಿಕಾರದ ಮಸೂದೆ ವಿಧಾನಮಂಡಲದ ಮುಂದೆ ಬಂತು. ಅಂದರೆ ಬಂದು ಹೋಗುವ ಪ್ರದರ್ಶನಕ್ಕೆ ಪ್ರಾಧಿಕಾರವನ್ನೇ ಯೋಚಿಸುವ ಶಕ್ತಿ ನಮಗಿದೆ. ಊರಲ್ಲೇ ಇರುವ ಮಕ್ಕಳಿಗೆ ಅರ್ಧ ಎಕರೆ ಯೋಚಿಸೋಕೆ ಏನು ಅಡ್ಡಿ? ಗದಗ-ಬೆಟಗೇರಿಯಲ್ಲಿ ಒಂದು ದೊಡ್ಡದು, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಲ್ಲಿ ಒಂದೊಂದು ಸಣ್ಣದು. ಬೀಗದ ಕೈ ಯಾರ ಹತ್ತಿರ ಇರಬೇಕು, ಹೆಲ್ಮೆಟ್ ಯಾರು ಕೊಡಬೇಕು, ಬಿದ್ದವನನ್ನು ಯಾರು ನೋಡಬೇಕು, ಹೆಣ್ಣುಮಕ್ಕಳ ಹೊತ್ತು ಯಾವುದು, ಇವೂ ಯೋಜನೆಯಲ್ಲೇ ಬರಬೇಕು.

ಇದೇ ಗದಗದ ಸುನಿಲ್ ಜೋಶಿ ಕ್ರಿಕೆಟ್ ಕಲಿಯೋಕೆ ಬೆಳ್ಳಂಬೆಳಗ್ಗೆ ರೈಲು ಹತ್ತಿ ಹುಬ್ಬಳ್ಳಿಗೆ ಹೋಗಿ ಬರುತ್ತಿದ್ದರು. ಆ ಕತೆಯನ್ನು ನಾವು ಹೆಮ್ಮೆಯಿಂದ ಹೇಳ್ತೀವಿ. ಆ ರೈಲು ಹತ್ತಲಾಗದೆ ಉಳಿದ ಹುಡುಗರ ಲೆಕ್ಕ ಯಾರೂ ಇಟ್ಟಿಲ್ಲ.

ಪಂಪ್ ಟ್ರ್ಯಾಕ್ ಕಟ್ಟಿದ ಕೂಡಲೇ ರಸ್ತೆಯ ವ್ಹೀಲಿಂಗ್ ನಿಲ್ಲುತ್ತೆ ಅಂತ ನಾನು ಹೇಳಲ್ಲ. ಕೆಲವರಿಗೆ ಬೇಕಾಗಿರೋದು ರಸ್ತೆಯೇ, ನೋಡುವ ಜನವೇ. ಅಂಥವರಿಗೆ ಪೊಲೀಸರು ಇರಲಿ. ಆದರೆ ನನ್ನ ತಮ್ಮನಂಥವರು, ನಿಜವಾಗಲೂ ಸಮತೋಲನ ಕಲಿಯಬೇಕು ಅನ್ನೋರು, ಇವತ್ತು ಆ ಗುಂಪಿನಲ್ಲೇ ಲೆಕ್ಕವಾಗ್ತಿದ್ದಾರೆ. ಅವರನ್ನು ಬೇರೆ ಮಾಡಿ ನೋಡೋಕೆ ಒಂದು ಜಾಗ ಬೇಕು.

ಕಳೆದ ತಿಂಗಳು ಪ್ಲಾಸ್ಟರ್ ಬಿಚ್ಚಿದರಂತೆ. ಫೋನಿನಲ್ಲಿ, "ಇನ್ನ ಮ್ಯಾಲ ಬೈಕ್ ಮುಟ್ಟಂಗಿಲ್ಲ ಅಂತ ಅವ್ವಗ ಆಣಿ ಮಾಡೇನಿ ಅಣ್ಣಾ" ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸೈಕಲ್ ಬಗ್ಗೆ ಏನೂ ಹೇಳಿಲ್ಲ" ಅಂತ ಸೇರಿಸಿದ.