ಬ್ರೇಕ್ ಆಯಿಲ್: ಹೆದರಿಸಬೇಡಿ, ಕಲಿಸಿ

ಹೊಸಬರು ಬೈಕಿನ ಬ್ರೇಕಿಗೆ ಕೈ ಹಾಕಲೇಬಾರದು ಎಂಬ ಲೇಖನವನ್ನು ಒಪ್ಪಲಾರೆ. ದೇವದುರ್ಗ, ಮಾನ್ವಿ ಕಡೆಯ ಹಳ್ಳಿಯವರು ಬ್ರೇಕ್ ಆಯಿಲ್ ಬದಲಿಸುವುದಕ್ಕೇ ರಾಯಚೂರಿಗೆ ಬಂದು ದಿನದ ಕೂಲಿ ಕಳೆದುಕೊಳ್ಳಬೇಕೇ? ಆ ಖರ್ಚಿಗೆ ಅಂಜಿ ಆಯಿಲ್ ಬದಲಿಸದೆ ಓಡಿಸುವುದೇ ನಿಜವಾದ ಅಪಾಯ. ಡಾಟ್ 4 ಆಯಿಲ್ ಗಾಳಿಯ ತೇವ ಹೀರುತ್ತದೆ; 230 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಕುದಿಯಬೇಕಾದದ್ದು 155ರ ಆಸುಪಾಸಿನಲ್ಲೇ ಕುದಿಯಬಹುದು. ಆಗ ಲಿವರ್ ಒತ್ತಿದರೂ ಗಾಡಿ ನಿಲ್ಲದು.

ಬದಲಿಸುವ ಬಗೆ ಹೀಗೆ: ಬ್ರೇಕಿನಲ್ಲಿ ಆಯಿಲ್ ಹೊರಬಿಡುವ ನಿಪ್ಪಲ್‌ಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ಲಿವರ್ ಒತ್ತಿ ಹಿಡಿದು ನಿಪ್ಪಲ್ ಸಡಿಲಿಸಬೇಕು. ಗುಳ್ಳೆ ಹೊರಬಂದಾಗ ಬಿಗಿ ಮಾಡಿ, ಆಮೇಲಷ್ಟೇ ಲಿವರ್ ಬಿಡಬೇಕು. ಮೇಲಿನ ಆಯಿಲ್ ಡಬ್ಬಿ ಬರಿದಾಗಬಾರದು. ಎಬಿಎಸ್ ಬೈಕಾದರೆ ಮೆಕ್ಯಾನಿಕ್ಕೇ ಬೇಕು. ಅಷ್ಟರಮಟ್ಟಿಗೆ ಲೇಖಕರು ಸರಿ. ಉಳಿದವರು ಮೊದಲ ಸಲ ಬಲ್ಲವರೊಬ್ಬರನ್ನು ಜೊತೆಗಿಟ್ಟುಕೊಳ್ಳಿ. ಲಿವರ್ ಗಟ್ಟಿಯಾಗದಿದ್ದರೆ ದಯವಿಟ್ಟು ಗಾಡಿ ರಸ್ತೆಗಿಳಿಸಬೇಡಿ.