ಒದರಾಟ ಅಲ್ಲ ಕಾಕಾ, 26 ವರ್ಷದ ಹಟ

ಹೆವಿ ಮೆಟಲ್ ಕೇಳ್ತೀನಿ ಅಂದ್ರೆ ನಮ್ಮ ವಿಜಯಪುರದಲ್ಲಿ ಬರೋ ಮೊದಲ ಪ್ರಶ್ನೆ, ‘ಯಾಕ್ ಹಂಗ ಒದರ್ತಾರೋ ತಮ್ಮಾ ಅವ್ರು?’ ಟಿಕೋಟಾದ ನಮ್ಮ ಕಾಕಾ ಅಂತೂ ಒಣದ್ರಾಕ್ಷಿ ಶೆಡ್ಡಿನಲ್ಲಿ ನನ್ನ ಇಯರ್‌ಫೋನ್ ಇಸ್ಕೊಂಡು, ಅರ್ಧ ನಿಮಿಷಕ್ಕೇ ಕಿತ್ತು ಕೈಗಿಟ್ಟರು. ‘ಟ್ರ್ಯಾಕ್ಟರ್ ಸೈಲೆನ್ಸರ್ ಬಿಚ್ಚಿದಂಗ ಐತಿ!’ ಹೋಲಿಕೆ ಪೂರ್ತಿ ತಪ್ಪೇನಲ್ಲ ಬಿಡಿ. ಆದರೆ ಗೋಳಗುಮ್ಮಟದಲ್ಲಿ ಒಂದು ಚಪ್ಪಾಳೆಗೆ ಏಳು ಮಾರ್ದನಿ ಕೇಳಿ ಬೆಳೆದವರು ನಾವು, ಸದ್ದಿಗೆ ಹೆದರಿದರೆ ಹೇಗೆ?

ಕಾಕಾ ಕೇಳಿದ್ದು ಬೆಂಗಳೂರಿನ ‘ಕ್ರಿಪ್ಟೋಸ್’ ಬ್ಯಾಂಡಿನ ‘ಡೆಸಿಮೇಟರ್’. 2024ರಲ್ಲಿ ಬಂದ ಇದು ಅವರ ಏಳನೇ ಆಲ್ಬಂ. ಬ್ಯಾಂಡ್ ಶುರುವಾಗಿದ್ದು 1998ರಲ್ಲಿ. ಮೊದಲ ಆಲ್ಬಂ ‘ಸ್ಪೈರಲ್ ಅಸೆಂಟ್’ ಬರೋಕೆ 2004 ಆಯ್ತು. ಆಮೇಲೆ 2008, 2012, 2016. ಅಂದರೆ ನಾಲ್ಕು ವರ್ಷಕ್ಕೊಂದು. ನಡುವೆ ಬಾಸ್, ಡ್ರಮ್ಸ್ ನುಡಿಸೋರು ಬದಲಾದರು. ನೋಲನ್ ಲೂಯಿಸ್ ಜೊತೆ ಬ್ಯಾಂಡ್ ಕಟ್ಟಿದ ಗಣೇಶ್ ಕೃಷ್ಣಸ್ವಾಮಿ ಹೊರಬಂದು ಈಗ ಬೇರೆ ಬ್ಯಾಂಡಿನಲ್ಲಿ ಹಾಡ್ತಾರೆ. ಅದರ ಹೆಸರು ‘ಬೇವರ್ ಸೀ’. ಬೇಗ ಬೇಗ ಹೇಳಿ ನೋಡಿ, ಮನೆಯಲ್ಲಿ ಹಿರಿಯರಿಲ್ಲದಾಗ!

2013ರಲ್ಲಿ ಕ್ರಿಪ್ಟೋಸ್ ಜರ್ಮನಿಯ ವಾಕನ್‌ನಲ್ಲಿ ನುಡಿಸಿತು. ವಾಕನ್ ನಮ್ಮ ಬಬಲೇಶ್ವರಕ್ಕಿಂತ ಎಷ್ಟೋ ಸಣ್ಣ ಊರು, ಸುಮಾರು ಎರಡು ಸಾವಿರ ಜನ. ವರ್ಷಕ್ಕೊಮ್ಮೆ ಮೆಟಲ್ ಜಾತ್ರೆಗೆ ಮುಕ್ಕಾಲು ಲಕ್ಷದ ಮೇಲೆ ಜನ ಸೇರ್ತಾರೆ. ಹೊಲದ ನಡುವೆ, ಮಳೆ ಬಂದರೆ ಮೊಣಕಾಲುಮಟ್ಟ ಕೆಸರಲ್ಲಿ.

ಕೋವಿಡ್ ಬಂದು ವೇದಿಕೆಗಳೆಲ್ಲ ಬಾಗಿಲು ಹಾಕಿದವು. ಆಗಲೂ ಇವರು ಸುಮ್ಮನೆ ಕೂರಲಿಲ್ಲ, 2021ರಲ್ಲಿ ‘ಫೋರ್ಸ್ ಆಫ್ ಡೇಂಜರ್’ ತಂದರು. ಲೆಕ್ಕ ಹಾಕಿ ನೋಡಿ: 2019, 2021, 2024. ನಾಲ್ಕು ವರ್ಷದ ಅಂತರ ಮೊದಲು ಮೂರಕ್ಕೆ ಇಳಿದಿತ್ತು, ಎರಡಕ್ಕೆ ಇಳಿದದ್ದು ಕೆಟ್ಟ ಕಾಲದಲ್ಲೇ.

ಈ ಹಟ ಮೆಟಲ್ ಮಂದಿಯಲ್ಲಿ ಹೊಸದಲ್ಲ. ಇಂಗ್ಲೆಂಡಿನ ಜೂಡಾಸ್ ಪ್ರೀಸ್ಟ್ ಕೂಡ 2024ರಲ್ಲೇ ಹೊಸ ಆಲ್ಬಂ ತಂದಿತು. ಅವರ ಗಿಟಾರಿಸ್ಟ್ ಗ್ಲೆನ್ ಟಿಪ್ಟನ್‌ಗೆ ಪಾರ್ಕಿನ್ಸನ್ ಕಾಯಿಲೆ. ಇನ್ನೊಬ್ಬ ಗಿಟಾರಿಸ್ಟ್ ರಿಚಿ ಫಾಕ್ನರ್‌ಗೆ 2021ರಲ್ಲಿ ವೇದಿಕೆಯ ಮೇಲೇ ಹೃದಯದ ಮಹಾಧಮನಿ ಹರಿದಿತ್ತು. ಆತ ಹಾಡು ಮುಗಿಸಿಯೇ ಕೆಳಗಿಳಿದದ್ದು.

‘ಡೆಸಿಮೇಟರ್’ನಲ್ಲಿ ಹೊಸದೇನಿದೆ ಅಂತ ಕೇಳಿದರೆ, ಏನೂ ಇಲ್ಲ. ಅದೇ ಎಂಬತ್ತರ ದಶಕದ ಜೋಡಿ ಗಿಟಾರು, ಅದೇ ಗೊಗ್ಗರು ದನಿ, ಕತ್ತಿ, ಉಕ್ಕು, ರಾತ್ರಿ. ನನಗೆ 2019ರ ‘ಆಫ್ಟರ್‌ಬರ್ನರ್’ ಇದಕ್ಕಿಂತ ಹೆಚ್ಚು ಇಷ್ಟ. ಆದರೂ ಎರಡು ಗಿಟಾರ್ ಒಂದಕ್ಕೊಂದು ಹೆಗಲು ಕೊಟ್ಟು ಓಡೋವಾಗ ಬಸ್ಸಿನ ಕಿಟಕಿ ಪಕ್ಕ ಕೂತವನ ಕಾಲು ತಾನೇ ತಾಳ ಹಾಕುತ್ತೆ.

ಬಬಲೇಶ್ವರದ ನನ್ನ ಗೆಳೆಯನಿಗೆ ‘ಟರ್ನ್ ಅಪ್ ದ ಹೀಟ್’ ಹಾಡು ಕಳಿಸಿದ್ದೆ. ಬೆಂಗಳೂರಲ್ಲಿ ಎಂಜಿನಿಯರಿಂಗ್ ಓದುವಾಗ ಕಾಲೇಜ್ ಬ್ಯಾಂಡಿನಲ್ಲಿ ಗಿಟಾರ್ ನುಡಿಸ್ತಿದ್ದವ. ಎರಡನೇ ಅಲೆಯಲ್ಲಿ ಅಪ್ಪ ಹೋದರು. ಕೆಲಸ ಬಿಟ್ಟು ಊರಿಗೆ ಬಂದು ದ್ರಾಕ್ಷಿ ತೋಟ ಹಿಡಿದ, ಗಿಟಾರ್ ಅಟ್ಟ ಸೇರಿತು. ಮೊದಲು ಬಂದ ಉತ್ತರ, ‘ಇಲ್ಲೆ 41 ಡಿಗ್ರಿ ಐತಿ, ಇನ್ನೆಷ್ಟ್ ಹೀಟ್ ಮಾಡ್ತೀಲೇ?’ ರಾತ್ರಿ ಫೋನ್ ಮಾಡಿ ಕೇಳಿದ, ‘ಇವ್ರಿಗೆ ಇದರಾಗ ರೊಕ್ಕ ಸಿಗತೈತೇನು?’

ರೊಕ್ಕವೇ ಬೇಕಿದ್ದರೆ ಬೆಂಗಳೂರಲ್ಲಿ ಕೂತು 26 ವರ್ಷ ಯಾರೂ ಮೆಟಲ್ ನುಡಿಸ್ತಿರಲಿಲ್ಲ ಅಂದೆ. ಆತ ಬಹಳ ಹೊತ್ತು ಮಾತಾಡಲಿಲ್ಲ. ‘ಅಪ್ಪ ಹ್ವಾದ ಮ್ಯಾಲೆ ಕೈಗೆ ಹಿಡದ್ರ ಮನ್ಯಾಗ ಏನ್ ಅಂತಾರೋ ಅಂತ ಹಿಡೀಲೇ ಇಲ್ಲಲೇ’ ಅಂದ. ಇದನ್ನ ಇಷ್ಟು ವರ್ಷದಲ್ಲಿ ಅವನ ಬಾಯಿಂದ ನಾನು ಕೇಳಿರಲಿಲ್ಲ. ಏನು ಹೇಳಬೇಕೋ ತೋಚದೆ ತೋಟದ ಮಾತು ತೆಗೆದೆ.

ಅಕ್ಟೋಬರ್ ಚಾಟ್ನಿ ಮುಗಿದ ವಾರ ಮತ್ತೆ ಫೋನ್. ಅಟ್ಟದಿಂದ ಗಿಟಾರ್ ಇಳಿಸಿಕೊಟ್ಟದ್ದು ಅವರವ್ವನೇ ಅಂತೆ. ‘ಧೂಳ ಹಿಡದೈತಿ, ಒರಸ್ಕೋ’ ಅಂದರಂತೆ, ಅಷ್ಟೇ. ಆರರಲ್ಲಿ ನಾಲ್ಕು ತಂತಿ ಜಂಗು ಹಿಡಿದಿವೆ. ತೋಟದ ತನಕ ಕೊರಿಯರ್ ಹುಡುಗ ಬರಲ್ಲ ಅಂತ ಹೊಸ ಸೆಟ್ಟನ್ನ ವಿಜಯಪುರದ ನಮ್ಮ ಮನೆ ವಿಳಾಸಕ್ಕೆ ತರಿಸಿದಾನೆ. ಭಾನುವಾರ ಒಯ್ದು ಕೊಡಬೇಕು.